ಸಂಶೋಧಕನ ಹೊಣೆ, ಪರಿಶೀಲಕನ ಹೊಣೆ

ಉರ್ದು ಕಾವ್ಯವಿಮರ್ಶೆಯಲ್ಲಿ ಎರಡು ಪದಗಳಿವೆ. ಬೇರೆಯವರ ಸಾಲನ್ನು ಕದ್ದು ತನ್ನದೆಂದರೆ ಅದು ‘ಸರ್ಖಾ’. ಇಬ್ಬರು ಕವಿಗಳಿಗೆ ಪರಸ್ಪರ ಅರಿವಿಲ್ಲದೆ ಒಂದೇ ಸಾಲು ಹೊಳೆದರೆ ಅದು ‘ತವಾರುದ್’. ಇಂದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ವಿಂಗಡಣೆಯನ್ನು ಕಂಪ್ಯೂಟರಿಗೆ ಒಪ್ಪಿಸಲಾಗಿದೆ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 60 ದಾಟಿದರೆ ಪಿಎಚ್.ಡಿ. ನೋಂದಣಿಯೇ ರದ್ದು. ಆದರೆ ಪದಗಳನ್ನು ಬದಲಿಸಿ ವಿಚಾರವನ್ನೇ ಕದ್ದರೆ ಯಾವ ಶೇಕಡಾ ಲೆಕ್ಕ ಅದನ್ನು ಹಿಡಿದೀತು?

ನಮ್ಮ ಜಿಲ್ಲೆಯ ಮಸ್ಕಿಯನ್ನೇ ನೋಡಿ. 1915ರಲ್ಲಿ ಅಲ್ಲಿನ ಶಾಸನವನ್ನು ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಓದಿ, ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ. ಅದುವರೆಗೆ ಬಂಡೆಗಳ ಮೇಲೆ ಬರೀ ‘ದೇವಾನಾಂಪಿಯ ಪಿಯದಸಿ’ಯಾಗಿದ್ದ ಅರಸನ ಸ್ವಂತ ಹೆಸರು ‘ಅಶೋಕ’ ಎಂಬುದು ಅಲ್ಲಿ ಸಿಕ್ಕಿತು. ಕಂಡವರೊಬ್ಬರು, ಓದಿದವರೊಬ್ಬರು, ಇಬ್ಬರ ಹೆಸರೂ ಉಳಿದಿದೆ. ಬೀಡನ್ ಸಾಹೇಬರಾಗಿದ್ದರಿಂದಲೇ ಅವರ ಹೆಸರು ಉಳಿಯಿತೇನೋ ಎಂಬ ಅನುಮಾನವೂ ನನಗಿದೆ. ಏಕೆಂದರೆ ದೇವದುರ್ಗ ತಾಲೂಕಿನ ಗಬ್ಬೂರಿನಲ್ಲೋ ಮಾನ್ವಿಯ ಕಡೆಯ ಹಳ್ಳಿಯಲ್ಲೋ ಗುಡಿಯ ಹಿಂದಿನ ಕಲ್ಲನ್ನು ತೋರಿಸಿಕೊಡುವ ದನಗಾಹಿ, ರಾತ್ರಿಯಿಡೀ ಕೂತು ಮೊಹರಂ ಪದ ಹಾಡಿ ಬರೆಸುವ ಮುದುಕ, ಇವರೆಲ್ಲ ಪ್ರಬಂಧದೊಳಗೆ ‘ಸ್ಥಳೀಯರು’ ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತಾರೆ. ಇತ್ತ, ಊರಿಗೆ ಕಾಲಿಡದ ಹಿರಿಯ ಪ್ರಾಧ್ಯಾಪಕರ ಹೆಸರು ಲೇಖಕರ ಸಾಲಿನಲ್ಲಿ ಮೊದಲು ಬರುತ್ತದೆ. ಇದೂ ಸರ್ಖಾ ಅಲ್ಲವೇ?

ಹೆಸರು ನುಂಗುವುದಕ್ಕಿಂತ ಅಪಾಯದ್ದು ಅಂಕಿಗಳನ್ನು ಹುಟ್ಟಿಸುವುದು. ಹೊಲಕ್ಕೇ ಹೋಗದೆ ಒಬ್ಬ ಸಂಶೋಧಕ ಕೀಟನಾಶಕದ ಪ್ರಮಾಣವನ್ನು ಕೋಣೆಯಲ್ಲಿ ಕೂತು ಬರೆದನೆನ್ನೋಣ. ಅದು ಪ್ರಬಂಧದಿಂದ ಕೈಪಿಡಿಗೆ, ಕೈಪಿಡಿಯಿಂದ ಔಷಧದಂಗಡಿಗೆ, ಅಲ್ಲಿಂದ ಮಾನ್ವಿಯ ಭತ್ತದ ಗದ್ದೆಗೆ, ದೇವದುರ್ಗದ ಹತ್ತಿ ಹೊಲಕ್ಕೆ ಬರುತ್ತದೆ. ಸಂಶೋಧಕನಿಗೆ ಬಡ್ತಿ ಸಿಕ್ಕಿರುತ್ತದೆ. ಸಾಲ ತಂದು ಸಿಂಪಡಿಸಿದ ರೈತನಿಗೆ ಆ ಪ್ರಬಂಧ ಇದೆಯೆಂಬುದೂ ಗೊತ್ತಿರುವುದಿಲ್ಲ.

ಪರಿಶೀಲಕರು ಏಕೆ ತಡೆಯಲಿಲ್ಲ ಎನ್ನುವಿರಿ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಒಂದು ಪ್ರಬಂಧ 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಂಥ ಪತ್ರಿಕೆಯ ಪರಿಶೀಲನೆಯನ್ನೇ ದಾಟಿ ಪ್ರಕಟವಾಯಿತು. ಅದರ ಚಿತ್ರಗಳ ಬಗ್ಗೆ ಅನುಮಾನ ಎತ್ತಿದವರು ಆಮೇಲೆ ಓದಿದವರು. 2021ರಲ್ಲಿ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. ಸಾಮಾನ್ಯವಾಗಿ ಸಂಬಳವಿಲ್ಲದೆ ದುಡಿಯುವ ಪರಿಶೀಲಕನ ಮುಂದಿರುವುದು ಕಾಗದ ಮಾತ್ರ; ಕಲ್ಲನ್ನೂ ಹೊಲವನ್ನೂ ಅವನು ನೋಡಿರುವುದಿಲ್ಲ. ಆದ್ದರಿಂದ ಸುಳ್ಳಿನ ಹೊಣೆ ಲೇಖಕನದೇ, ಅದನ್ನು ಪರಿಶೀಲಕನ ತಲೆಗೆ ಕಟ್ಟುವಂತಿಲ್ಲ.

ಅವನ ಕೈಯಲ್ಲಿರುವ ವಿಷಯಗಳೇ ಬೇರೆ. ತನಗೆ ತಿಳಿಯದ ವಿಷಯವಾದರೆ ಹಾಗೆಂದು ಹೇಳಿ ವಾಪಸು ಕಳಿಸಬಹುದು. ಬರೆದವನು ತನ್ನ ಬಂಧುವೋ ಬದ್ಧವೈರಿಯೋ ಆಗಿದ್ದರೆ ಸಂಪಾದಕನಿಗೆ ತಿಳಿಸಬಹುದು. ಉಸ್ತಾದರು ಶಾಗಿರ್ದನ ಗಜಲ್ ತಿದ್ದುವಾಗ ಇಬ್ಬರೂ ಒಬ್ಬರನ್ನೊಬ್ಬರು ಬಲ್ಲರು. ಇಲ್ಲಿ ತಿದ್ದುವವನಿಗೆ ಹೆಸರಿಲ್ಲ. ಹೆಸರಿಲ್ಲದ್ದರಿಂದ ದೊಡ್ಡವರ ತಪ್ಪನ್ನೂ ನಿರ್ಭಯವಾಗಿ ಹೇಳಬಹುದು, ನಿಜ. ಆದರೆ ಅವನು ಎದುರಾಳಿಯ ಪ್ರಬಂಧವನ್ನು ಆರು ತಿಂಗಳು ಕಪಾಟಿನಲ್ಲಿಟ್ಟು, ಅದೇ ವಿಚಾರವನ್ನು ತನ್ನ ಹೆಸರಿನಲ್ಲಿ ಮೊದಲು ಅಚ್ಚು ಹಾಕಿಸಿದರೆ? ಕೇಳಿದರೆ ತವಾರುದ್ ಎಂದುಬಿಡುತ್ತಾನೆ. ಪ್ರಬಂಧ ಯಾರ ಕೈಗೆ ಯಾವ ತಾರೀಖು ಹೋಯಿತೆಂಬುದು ಸಂಪಾದಕನ ದಾಖಲೆಯಲ್ಲಿ ಮಾತ್ರ ಇರುತ್ತದೆ.