ಜೋಪಾನ ಮತ್ತು ಪರಿಗ್ರಹ

ಚಳಿಗಾಲ ಕಳೆದ ಮೇಲೆ ಕಂಬಳಿ, ರಗ್ಗು, ದುಪ್ಪಟಿಗಳನ್ನು ಮುಂದಿನ ಚಳಿಗೆಂದು ಎತ್ತಿಡುವುದು ಗೃಹಸ್ಥನ ವಿವೇಕವೋ, ನಾಳೆಯ ಭಯದಿಂದ ಹುಟ್ಟಿದ ಸಂಗ್ರಹವೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಚಿಕ್ಕದಾಗಿ ಕಂಡರೂ, ಪರಿಗ್ರಹದ ವಿಚಾರವನ್ನು, ಅಂದರೆ ವಸ್ತುಗಳನ್ನು ತನ್ನವೆಂದು ಹಿಡಿದಿಟ್ಟುಕೊಳ್ಳುವ ಪ್ರವೃತ್ತಿಯ ವಿಚಾರವನ್ನು, ಮನೆಯ ಅಟ್ಟದವರೆಗೂ ತರುತ್ತದೆ. ಮಂಡ್ಯ ಸೀಮೆಗೆ ಈ ವಿಚಾರ ಹೊಸದಲ್ಲ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರು ಗಂಗರ ಕಾಲದ ಜೈನ ನೆಲೆಯಾಗಿದ್ದು, ಉಡುಗೆ ಹೊದಿಕೆಗಳೆರಡನ್ನೂ ತೊರೆದು ನಿಂತ ಅಲ್ಲಿನ ಗೊಮ್ಮಟ ಮೂರ್ತಿ ಅಪರಿಗ್ರಹದ ಕೊನೆಯ ಮಜಲನ್ನು ತೋರಿಸುತ್ತದೆ.

ಆದರೆ ಜೈನಧರ್ಮ ಆ ಮಜಲನ್ನು ಗೃಹಸ್ಥನ ಮೇಲೆ ಹೇರುವುದಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ‘ಮೂರ್ಛೆ’ಯಲ್ಲಿ, ಅಂದರೆ ವಸ್ತುವಿನ ಮೇಲಿನ ಮೋಹದಲ್ಲಿ ಕಾಣುತ್ತದೆ, ಆದ್ದರಿಂದಲೇ ಶ್ರಾವಕನಿಗೆ, ಎಂದರೆ ಸಂಸಾರದಲ್ಲಿರುವ ಜೈನನಿಗೆ, ವಿಧಿಸಿರುವುದು ತನ್ನ ಬಳಿ ಇರುವುದಕ್ಕೆ ತಾನೇ ಮಿತಿ ಹಾಕಿಕೊಳ್ಳುವ ಪರಿಗ್ರಹಪರಿಮಾಣವೆಂಬ ಅಣುವ್ರತ. ಮನೆಮಂದಿಗೂ ಬಂದ ನೆಂಟರಿಗೂ ಸಾಲುವಷ್ಟು ಹೊದಿಕೆ ಒಂದು ಟ್ರಂಕಿನಲ್ಲಿ ಅಡಕವಾಗಿ ಕೂತು ಮುಚ್ಚಳ ಸಲೀಸಾಗಿ ಮುಚ್ಚಿಕೊಂಡರೆ, ಆ ಟ್ರಂಕೇ ಆ ಮನೆಯ ಪರಿಮಾಣ.

ಎಷ್ಟು ಇಡಬೇಕೆಂಬುದರ ಜೊತೆಗೆ ಹೇಗೆ ಇಡಬೇಕೆಂಬುದೂ ಧರ್ಮದ ಪ್ರಶ್ನೆಯೇ. ಜೈನ ಮುನಿಗಳ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಡೆಗಳಲ್ಲಿ, ‘ಆದಾನನಿಕ್ಷೇಪ’ ಒಂದು. ಯಾವುದನ್ನೇ ಎತ್ತುವಾಗಲೂ ಇಡುವಾಗಲೂ ಜೀವಿಗೆ ನೋವಾಗದಂತೆ ನೋಡಿಕೊಳ್ಳುವುದು ಅದರ ಅರ್ಥ. ಉಣ್ಣೆಯನ್ನು ತಿನ್ನುವುದು ನುಸಿಯ ಚಿಟ್ಟೆಯಲ್ಲ, ಅದರ ಮರಿಹುಳು; ಬೆವರು, ಎಣ್ಣೆಜಿಡ್ಡು ಹತ್ತಿದ ಉಣ್ಣೆಯೆಂದರೆ ಅದಕ್ಕೆ ಹೆಚ್ಚು ಪ್ರಿಯ. ಹೀಗಿರುವಾಗ ಕೊಳೆಯಾದ ಕಂಬಳಿಯನ್ನು ಗಂಟು ಕಟ್ಟಿಟ್ಟು ಆಮೇಲೆ ನುಸಿಗುಳಿಗೆಯಿಂದ ಹುಳುವನ್ನು ಕೊಲ್ಲುವುದಕ್ಕಿಂತ, ಮೊದಲೇ ಒಗೆದು, ಬಿಸಿಲಿನಲ್ಲಿ ಮಗುಚಿ ಒಣಗಿಸಿ, ಕೊಡವಿ, ಮಡಿಕೆಗಳ ನಡುವೆ ಒಣಗಿದ ಬೇವಿನ ಸೊಪ್ಪನ್ನಿಟ್ಟು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡುವುದು ಅಹಿಂಸೆಗೆ ಹತ್ತಿರವಾದ ದಾರಿ. ಶಿಂಷಾ ನದಿಯ ದಡದ, ವಿಶ್ವೇಶ್ವರಯ್ಯ ನಾಲೆಯ ಆಸುಪಾಸಿನ ಮದ್ದೂರು, ಮಳವಳ್ಳಿ ಊರುಗಳಲ್ಲಿ ಮಳೆಗಾಲದ ಥಂಡಿ ಗೋಡೆಗೂ ನೆಲಕ್ಕೂ ಇಳಿಯುವುದರಿಂದ, ಗಂಟು ಇವೆರಡಕ್ಕೂ ತಾಗದಂತಿರಬೇಕು; ಅರೆ ಒಣಗಿದ್ದನ್ನು ಮಡಿಸಿಟ್ಟರೆ ಮುಗ್ಗುವುದು ಖಂಡಿತ.

ಇಲ್ಲಿ ‘ಮಡಿ’ಯ ಕಲ್ಪನೆಯನ್ನೂ ಪರಿಶೀಲಿಸಬೇಕಾಗುತ್ತದೆ. ಆಚಾರವಂತರ ಮನೆಗಳಲ್ಲಿ ಉಣ್ಣೆ, ರೇಷ್ಮೆಗಳಿಗೆ ಮೈಲಿಗೆ ತಟ್ಟುವುದಿಲ್ಲವೆಂದು ಅವನ್ನು ಒಗೆಯದೆಯೇ ಮಡಿಯೆನ್ನುವ ವಾಡಿಕೆ ಇದೆ. ಆದರೆ ದ್ರವ್ಯಶುದ್ಧಿಯನ್ನು, ಅಂದರೆ ವಸ್ತುಗಳನ್ನು ಶುಚಿಗೊಳಿಸುವ ವಿಧಾನವನ್ನು ಹೇಳುವ ಮನುಸ್ಮೃತಿಯ 5ನೆಯ ಅಧ್ಯಾಯವೇ ರೇಷ್ಮೆ, ಉಣ್ಣೆಗಳಿಗೆ ಚೌಳುಮಣ್ಣನ್ನೂ ಕುತಪವೆಂಬ ಕಂಬಳಿಗೆ ಅಂಟುವಾಳವನ್ನೂ ಸೂಚಿಸುತ್ತದೆ. ಶರಣರ ಬಟ್ಟೆ ಒಗೆಯುವುದನ್ನೇ ಕಾಯಕವಾಗಿಸಿಕೊಂಡ 12ನೆಯ ಶತಮಾನದ ಮಡಿವಾಳ ಮಾಚಿದೇವನ ಬದುಕು ಇನ್ನೂ ಮುಂದೆ ಹೋಗಿ, ಶುಚಿತ್ವ ಜಾತಿಯಿಂದಲ್ಲ, ಕೈದುಡಿಮೆಯಿಂದ ಬರುವಂಥದ್ದೆಂದು ಸಾಧಿಸಿತು. ಯುಗಾದಿಗೂ ಮಾರ್ನಮಿಗೂ ಮುನ್ನ ಹಾಸಿಗೆ ಹೊದಿಕೆಗಳನ್ನೆಲ್ಲ ಹೊರಹಾಕಿ ಒಗೆದು ಹಾಕುವ ಹಳ್ಳಿಯ ಹೆಣ್ಣುಮಕ್ಕಳ ಶ್ರಮ ಈ ಅರ್ಥದಲ್ಲಿ ಪೂಜೆಗೆ ಕಡಿಮೆಯಾದುದಲ್ಲ.

ವಸ್ತುವನ್ನು ಅದರ ಬಳಕೆಗಾಗಿ ಕಾಪಾಡುವುದು ಜೋಪಾನ. ಬಳಕೆಯ ಆಚೆಗೂ ಹಿಡಿದಿಡುವುದು ಪರಿಗ್ರಹ. ಇವೆರಡರ ಗೆರೆ ಕಾಣಿಸುವುದು ಮುಂದಿನ ಚಳಿಗೆ ಟ್ರಂಕು ತೆರೆದಾಗಲೇ. ಕಳೆದ ಚಳಿಯಲ್ಲಿ ಯಾರೂ ಹೊದೆಯದೆ ಉಳಿದ ಕಂಬಳಿಯನ್ನು ಮತ್ತೆ ಮಡಿಸಿಡದೆ, ಚಳಿಯಲ್ಲಿ ನಡುಗುವವರ ಮೈಗೆ ಹೊದಿಸುವುದೇ ಧರ್ಮ.