ಮೂಕಪ್ರಾಣಿಯ ಅರಿವು

ಅರಣ್ಯಕಾಂಡದ ೨೨ನೆಯ ಅಧ್ಯಾಯವನ್ನು ಧ್ಯಾನಿಸಿರಿ. ದಾರಿಯಲ್ಲಿ ನಿಂತ ದೇವದೂತನನ್ನು ಬಿಳಾಮನು ಕಾಣಲಿಲ್ಲ. ಅವನ ಕತ್ತೆಯು ಕಂಡಿತು. ಕಂಡು ಓರೆಯಾಗಿ ತಿರುಗಿ ಯಜಮಾನನ ಪ್ರಾಣವನ್ನುಳಿಸಿತು. ಅದಕ್ಕಾಗಿ ಮೂರು ಸಾರಿ ಪೆಟ್ಟು ತಿಂದಿತು. ಹೊಡೆದವನೇ ಅರಿವಿಲ್ಲದವನಾಗಿದ್ದನು.

ಪಶುಗಳಿಗೆ ಅರಿವುಂಟೆಂದು ಈಗ ಪಂಡಿತರೂ ಹೇಳುತ್ತಾರೆ. ೨೦೦೬ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ನ್ಯೂಯಾರ್ಕಿನ ಮೃಗಾಲಯದ ಆನೆಯೊಂದು ಕನ್ನಡಿಯನ್ನು ನೋಡಿ, ತನ್ನ ತಲೆಯ ಮೇಲೆ ಬಳಿದಿದ್ದ ಗುರುತನ್ನು ಸೊಂಡಿಲಿನಿಂದ ಮುಟ್ಟಿಕೊಂಡಿತು. ಶಿವಮೊಗ್ಗದ ಬಳಿ ಸಕ್ರೆಬೈಲಿನಲ್ಲಿ ತುಂಗೆಯಲ್ಲಿ ಮೀಯುವ ಆನೆಗಳೂ ಅದೇ ಜಾತಿಯವು. ೨೦೧೨ರಲ್ಲಿ ಕೇಂಬ್ರಿಜಿನಲ್ಲಿ ಕೂಡಿದ ವಿಜ್ಞಾನಿಗಳು, ಮೊಲೆಯುಣಿಸುವ ಸಕಲ ಪ್ರಾಣಿಗಳಲ್ಲಿಯೂ ಪಕ್ಷಿಗಳಲ್ಲಿಯೂ ಪ್ರಜ್ಞೆಗೆ ಆಧಾರವಾದ ನರರಚನೆಯುಂಟೆಂದು ಸಾರಿದರು. ಹಾಗಾದರೆ ನಾಯಿಯೂ ಎತ್ತೂ ಇದರೊಳಗೆ ಸೇರಿದವು.

ಆದರೂ ೨೦೨೧ನೆಯ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲೂಕಿನ ಕಂಬದಾಳು ಹೊಸೂರಿನ ಸೀಮೆಯಲ್ಲಿ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂಳಲಾಯಿತೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ನಾಯಿಗಳ ಕಾಟವು ಸುಳ್ಳಲ್ಲ. ಹುಚ್ಚುನಾಯಿಯ ಭಯವೂ ಸುಳ್ಳಲ್ಲ. ಆದರೆ ಅದಕ್ಕೆ ಸಂತಾನಹರಣ ಚಿಕಿತ್ಸೆಯೂ ಚುಚ್ಚುಮದ್ದೂ ಉಂಟು. ನೋವನ್ನು ಅರಿಯುವ ಜೀವಕ್ಕೆ ವಿಷವನ್ನೂ ಗುಂಡಿಯನ್ನೂ ಒದಗಿಸುವುದು ನೀತಿವಂತರಿಗೆ ತಕ್ಕದ್ದಲ್ಲ.

ಬಿಳಾಮನ ಕತ್ತೆಗೆ ಬಾಯಿ ಕೊಟ್ಟ ದೇವರು ನಮ್ಮ ಕೊಟ್ಟಿಗೆಯ ಎತ್ತಿಗೆ ಮಾತು ಕೊಡಲಿಲ್ಲ. ಆದುದರಿಂದ ನೊಗ ಉಜ್ಜಿ ಹುಣ್ಣಾದ ಹೆಗಲನ್ನೂ ಬರಿದಾದ ಬಾನಿಯನ್ನೂ ನಾವೇ ನೋಡಿ ತಿಳಿಯಬೇಕು. ಬಿಳಾಮನ ಕಣ್ಣುಗಳನ್ನು ತೆರೆದ ಕರ್ತನು ನಮ್ಮ ಕಣ್ಣುಗಳನ್ನೂ ತೆರೆಯಲಿ. ಆಮೆನ್.