ಸಂಶೋಧನೆಯೂ ಕಾಯಕವೇ



ಬೆಂಗಳೂರಿನ ಸುಲ್ತಾನ್‌ಪೇಟೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕಾಗದದ ವ್ಯಾಪಾರ, ಮುದ್ರಣ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಅಲ್ಲಿಯ ಓಣಿಗಳ ಜೀವಾಳ. ನಮ್ಮ ಪ್ರಸಾದನಿಲಯದಲ್ಲಿ ಬೆಳೆದು, ದೂರದ ಊರಿನಲ್ಲಿ ಸ್ನಾತಕೋತ್ತರ ವೈದ್ಯಶಿಕ್ಷಣ ಪಡೆಯುತ್ತಿರುವವರೊಬ್ಬರು ಅಲ್ಲಿ ರಟ್ಟು ಕಟ್ಟಿಸಿದ ತಮ್ಮ ಪ್ರಬಂಧವನ್ನು ಹಿಡಿದು ಆಶೀರ್ವಾದಕ್ಕೆ ಬಂದರು. ಹೊದಿಕೆಯ ಮೇಲೆ ಬಂಗಾರದ ಬಣ್ಣದ ಅಕ್ಷರಗಳಿದ್ದವು.

"ಎಷ್ಟು ಮಂದಿ ರೋಗಿಗಳನ್ನು ನೋಡಿ ಬರೆದೆಯಪ್ಪಾ?" ಎಂದು ಕೇಳಿದೆವು.

ಅವರು ತಲೆ ತಗ್ಗಿಸಿದರು. "ಬುದ್ಧಿ, ಅಂಕಿಅಂಶಗಳನ್ನು ಹಣ ಕೊಟ್ಟು ಬರೆಸಿದೆ. ಎಲ್ಲರೂ ಹಾಗೆಯೇ ಮಾಡುತ್ತಾರೆ."

ಬಚ್ಚಿಡದೆ ನುಡಿದುದು ಅವರ ಗುಣ. ಆದರೆ ಎಲ್ಲರೂ ಆಡಿದ ಮಾತ್ರಕ್ಕೆ ಹುಸಿಯು ದಿಟವಾದೀತೆ? ತನ್ನ ನೋವನ್ನು ತೆರೆದಿಟ್ಟ ರೋಗಿಯು ಶಾಸ್ತ್ರಕ್ಕೆ ಸಾಕ್ಷಿ ನುಡಿದಿರುತ್ತಾನೆ. ಹುಸಿ ಅಂಕಿಯು ಆ ಸಾಕ್ಷಿಯನ್ನು ಕೆಡಿಸುತ್ತದೆ. ಅದನ್ನು ನಂಬಿ ಇನ್ನೊಬ್ಬ ವೈದ್ಯನು ಔಷಧ ಕೊಟ್ಟರೆ, ಕೇಡು ತಟ್ಟುವುದು ನಾವೆಂದೂ ಕಾಣದ ಮತ್ತೊಬ್ಬ ರೋಗಿಗೆ.

ದೋಷವು ವಿದ್ಯಾರ್ಥಿಯೊಬ್ಬನದೇ ಅಲ್ಲ. ಬೋಧಕರ ಬಡ್ತಿಗೆ ಇಂತಿಷ್ಟು ಲೇಖನಗಳು ಪ್ರಕಟವಾಗಿರಬೇಕೆಂಬ ನಿಯಮ ಬಂದಿತು. ಪರಿಶೀಲಿಸದೆ, ಹಣ ಪಡೆದು ಅಚ್ಚು ಹಾಕುವ ಪತ್ರಿಕೆಗಳೂ ಬೆಳೆದವು. ಪಿಎಚ್.ಡಿ. ಪ್ರಬಂಧಕ್ಕೆ ಮುನ್ನ ಲೇಖನ ಪ್ರಕಟಿಸಿರಬೇಕೆಂಬ ಕಡ್ಡಾಯವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಕೈಬಿಟ್ಟಿತು. ನಿಯಮ ಸಡಿಲಿದರೂ ಎಣಿಕೆಯ ಮೋಹ ಸಡಿಲಿಲ್ಲ. ವೈದ್ಯಕೀಯ ಸೀಟಿನ ಮಾರಾಟವನ್ನು ತಡೆಯಲು ನಮ್ಮ ರಾಜ್ಯವು 1984ರಲ್ಲಿಯೇ ಕ್ಯಾಪಿಟೇಶನ್ ಶುಲ್ಕ ನಿಷೇಧದ ಕಾನೂನು ಮಾಡಬೇಕಾಯಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಶುಲ್ಕವನ್ನು ಖಂಡಿಸಿತು. ಪ್ರವೇಶಕ್ಕೆ ಬೆಲೆ ಕಟ್ಟಿದ ಸಮಾಜದಲ್ಲಿ ಪ್ರಬಂಧಕ್ಕೂ ಬೆಲೆ ಬಂದುದು ಸೋಜಿಗವಲ್ಲ. ವಿದ್ಯಾಸಂಸ್ಥೆಗಳನ್ನು ನಡೆಸುವ ನಾವು ಮಠಾಧೀಶರೂ ಈ ಹೊಣೆಯಿಂದ ಹೊರತಲ್ಲ.

ಪ್ರಕಟಣೆಯೆಂದರೆ ಏನೆಂಬುದನ್ನು ಫ.ಗು. ಹಳಕಟ್ಟಿಯವರು ತೋರಿದ್ದಾರೆ. ವಕೀಲರಾಗಿದ್ದ ಅವರು ತಾಳೆಯೋಲೆಗಳನ್ನು ಅರಸಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಸ್ವಂತ ಮನೆಯನ್ನು ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅವರು ಅಚ್ಚು ಹಾಕಿಸಿದ್ದು ಜನರು ಓದಲೆಂದು, ಯಾರೂ ಎಣಿಸಲೆಂದಲ್ಲ. ಅದು ಜ್ಞಾನದಾಸೋಹ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಶರಣೆ ಲಕ್ಕಮ್ಮನವರು ಅದನ್ನು ಬೇಯಿಸಲಿಲ್ಲ. ಮರಳಿ ಸುರಿದು ಬರುವಂತೆ ಹೇಳಿದರು. ಆ ಅಕ್ಕಿ ಕದ್ದದ್ದಲ್ಲ, ಹೆಚ್ಚಾದದ್ದು ಮಾತ್ರ. ಅಷ್ಟನ್ನೂ ಒಲ್ಲದ ಪರಂಪರೆ ನಮ್ಮದು. ದುಡಿಯದೆ ತಂದುದಕ್ಕೆ ಇಲ್ಲಿ ಎಡೆಯೆಲ್ಲಿ?

ಆ ಯುವಕರಿಗೆ, "ಗುರುಗಳ ಮುಂದೆ ದಿಟ ಹೇಳಿ, ಮತ್ತೆ ಮೊದಲಿನಿಂದ ಮಾಡು" ಎಂದೆವು. "ಪರೀಕ್ಷೆ ತಪ್ಪಿ ಒಂದು ವರುಷ ಹೋಗುತ್ತದಲ್ಲಾ ಬುದ್ಧಿ" ಎಂದರು. "ಹೋಗಲಿ. ನಿನ್ನ ಕೈಗೆ ಜೀವವನ್ನು ಒಪ್ಪಿಸುವವರಿಗೆ ಆ ಒಂದು ವರುಷ ಸಲ್ಲಲಿ" ಎಂದೆವು.

ಪ್ರಬಂಧವನ್ನು ಅವರು ಹಿಂದಕ್ಕೆ ಒಯ್ದರು. ತಾವೇ ದುಡಿದು ಬರೆದುದನ್ನು, ಹೊದಿಕೆ ಎಂತಹುದೇ ಇರಲಿ, ತಂದ ದಿನ ಸಂತೋಷದಿಂದ ಹರಸುವೆವು. ನಿಮ್ಮ ಮನೆಯ ಮಕ್ಕಳನ್ನೂ ಒಮ್ಮೆ ಕೇಳಿರಿ: ಎಷ್ಟು ಬರೆದೆ ಎಂದಲ್ಲ, ಏನು ಕಂಡೆ ಎಂದು.

ಸರ್ವರಿಗೂ ಸನ್ಮಂಗಳವಾಗಲಿ.